ದಿಕ್ಕಿಲ್ಲದ ಬಟ್ಟೆಗಳ ಕಪಾಟು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು. ಮೇಲಿನ ಆರು ಮಹಡಿಗಳ ಕೊಳೆಯೆಲ್ಲ ಅಲ್ಲಿಗೆ ಇಳಿಯುತ್ತಿತ್ತು, ಅಲ್ಲಿಂದ ಬೆಚ್ಚಗೆ ಮಡಿಸಿಕೊಂಡು ಮತ್ತೆ ಮೇಲೆ ಹತ್ತುತ್ತಿತ್ತು. ನಾನು ಮೂವತ್ತೈದು ವರ್ಷ ಅಲ್ಲಿ ಮಡಿಸುವ ಮೇಜಿನ ಮುಂದೆ ನಿಂತವಳು. ನನ್ನ ಎಡಗಡೆಯ ಮೇಜು ಶಾಯಿ ಮಾವನದು.

ಹೆತ್ತವರು ಇಟ್ಟ ಹೆಸರು ಅವನಿಗೆ ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ನರ್ಸ್ ಹುಡುಗಿಯರು ಶಾಯಿ ಮಾವ ಎಂದು ಕರೆದರು, ಅದೇ ನಿಂತಿತು. ಬಲಗೈಯ ಮೂರು ಬೆರಳು ಸದಾ ಕಪ್ಪು. ಎಲ್ಲಿಗಾದರೂ ನೆಂಟರ ಮನೆಗೆ ಹೋದರೆ ಕೈ ಕಟ್ಟಿಕೊಂಡೇ ಕೂರುತ್ತಿದ್ದ. ನನಗಿಂತ ಮೂರು ವರ್ಷ ಚಿಕ್ಕವನು, ಹಾಗಾಗಿ ನನ್ನನ್ನು ಅಕ್ಕ ಎನ್ನುತ್ತಿದ್ದ.

ಅವನ ಕೆಲಸ ಗುರುತು ಹಾಕುವುದು. ಹೊಸ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವಲು, ರೋಗಿಗಳ ಅಂಗಿ, ಏನೇ ಬಂದರೂ ಮೊದಲು ಅವನ ಮೇಜಿಗೆ ಬರಬೇಕು. ಮೂಲೆಯಲ್ಲಿ ಹೆಬ್ಬೆಟ್ಟಿನಗಲ ಜಾಗದಲ್ಲಿ ಒಂದು ಗುರುತು ಬರೆದು, ಅದರ ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ಆ ಶಾಯಿ ಬಟ್ಟೆ ಹರಿಯುವ ತನಕ ಹೋಗುತ್ತಿರಲಿಲ್ಲ. ಗಾಡಿ ತಳ್ಳುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಓದು ಬಾರದು ಎಂದು ಅಕ್ಷರ ಬಿಟ್ಟು ಚಿತ್ರ ಹಿಡಿದಿದ್ದ. ಸುಟ್ಟಗಾಯದ ವಾರ್ಡಿಗೆ ಏಣಿ, ಹೆರಿಗೆ ವಾರ್ಡಿಗೆ ಅರ್ಧ ಚಂದ್ರ, ಆಪರೇಷನ್ ಕೋಣೆಗೆ ಎರಡು ಗೆರೆ, ಮಕ್ಕಳ ವಾರ್ಡಿಗೆ ಪುಟ್ಟ ಕೊಡೆ. ಗಾಡಿಯವರು ಬಟ್ಟೆ ನೋಡುತ್ತಿರಲಿಲ್ಲ, ಮೂಲೆ ನೋಡುತ್ತಿದ್ದರು. ಮೂಲೆಯಲ್ಲಿ ಏಣಿ ಇದ್ದರೆ ಏಣಿಯ ಗಾಡಿಗೆ, ಕೊಡೆ ಇದ್ದರೆ ಕೊಡೆಯ ಗಾಡಿಗೆ. ಏನೂ ಇಲ್ಲದಿದ್ದರೆ, ಅದು ಹಾಲಿನಂಥ ಹೊಸ ಬಟ್ಟೆಯೇ ಆಗಿರಲಿ, ಕೈ ಕೂಡ ತಾಗಿಸುತ್ತಿರಲಿಲ್ಲ.

ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುದುಕ ಒಬ್ಬನಿದ್ದ, ನಾವೆಲ್ಲ ಬಾಯ್ಲರ್ ತಾತ ಎನ್ನುತ್ತಿದ್ದೆವು. ಅವನಿಗೂ ಶಾಯಿ ಮಾವನಿಗೂ ದಿನಕ್ಕೊಂದು ಸಲ ಮಾತಿನ ಕುಸ್ತಿ ಆಗದಿದ್ದರೆ ಚಹಾ ಇಳಿಯುತ್ತಿರಲಿಲ್ಲ.

"ನಿನ್ ಬಾಟ್ಲಿ ಒಣಗಿದ ದಿನ ಇಡೀ ಆಸ್ಪತ್ರೆ ಬತ್ತಲೆ ನಿಲ್ಲುತ್ತೆ ಕಣೋ" ಎನ್ನುತ್ತಿದ್ದ ತಾತ.

"ಅದಕ್ಕೇ ಬಾಟ್ಲಿ ತಲೆದಿಂಬಿನ ಕೆಳಗಿಟ್ಕೊಂಡು ಮಲಗ್ತೀನಿ. ನಿನ್ನ ಮಾನ ನನ್ನ ಕೈಲಿದೆ" ಎನ್ನುತ್ತಿದ್ದ ಇವನು.

ಅವನ ಮೇಜಿನ ಹಿಂದೆ ಎರಡು ಬಾಗಿಲಿನ ಒಂದು ಕಬ್ಬಿಣದ ಕಪಾಟು. ಅದನ್ನು ದಿಕ್ಕಿಲ್ಲದ ಬಟ್ಟೆಗಳ ಕಪಾಟು ಎನ್ನುತ್ತಿದ್ದೆವು. ಗುರುತು ಹರಿದುಹೋದದ್ದು, ಗುರುತೇ ಬೀಳದೆ ತಪ್ಪಿಸಿಕೊಂಡದ್ದು, ರೋಗಿಗಳು ಮನೆಯಿಂದ ತಂದು ಮರೆತದ್ದು, ಎಲ್ಲ ವಾರವಿಡೀ ಅದರಲ್ಲಿ ಬೀಳುತ್ತಿದ್ದವು. ಶನಿವಾರ ಮಧ್ಯಾಹ್ನ ಉಳಿದವರು ಮನೆಗೆ ಹೊರಟರೆ ಇವನು ಸ್ಟೂಲು ಎಳೆದುಕೊಂಡು ಕಪಾಟಿನ ಮುಂದೆ ಕೂರುತ್ತಿದ್ದ. ಒಂದೊಂದನ್ನೇ ತೊಡೆಯ ಮೇಲೆ ಹರಡಿ, ನೇಯ್ಗೆ ನೋಡಿ, ಕಲೆ ನೋಡಿ, ಕೆಲವನ್ನು ಮೂಸಿ, ಇದು ಇಂಥಲ್ಲಿಯದು ಎಂದು ಹೇಳುತ್ತಿದ್ದ. ಮುಲಾಮಿನ ಜಿಡ್ಡು ಇಷ್ಟು ಒಗೆದರೂ ಬಿಟ್ಟಿಲ್ಲ, ಏಣಿ. ಅಂಚು ಕಚ್ಚಿದೆ, ಹಲ್ಲು ಸಣ್ಣದು, ಕೊಡೆ. ಮನೆಯಿಂದ ಬಂದದ್ದಾದರೆ ವಾರ್ಡಿನ ಹಳೇ ಪಟ್ಟಿ ತೆಗೆಸಿ, ವಿಳಾಸ ಹುಡುಕಿ, ತಾನೇ ಹೋಗಿ ಕೊಟ್ಟುಬರುತ್ತಿದ್ದ. ಒಮ್ಮೆ ಒಬ್ಬಳು ಮುದುಕಿಯ ಉಣ್ಣೆಯ ಟೋಪಿ ಕೊಡಲು ಎರಡು ಬಸ್ಸು ಬದಲಾಯಿಸಿ ಹೋಗಿದ್ದ. ಸೋಮವಾರ ಬೆಳಿಗ್ಗೆ ಕಪಾಟು ತೆರೆದರೆ ಖಾಲಿ. ಮೂವತ್ತೆರಡು ವರ್ಷ ಹಾಗೇ ನಡೆಯಿತು. "ಹುಟ್ಟಿದ್ದಕ್ಕೆಲ್ಲ ಒಂದು ಜಾಗ ಇರುತ್ತೆ ಅಕ್ಕಾ, ನೋಡೋ ತಾಳ್ಮೆ ಬೇಕು ಅಷ್ಟೆ" ಎನ್ನುತ್ತಿದ್ದ. ಅವನಿಗೆ ಬೇರೆ ದೇವರಿದ್ದದ್ದು ನಾನು ಕಾಣೆ.

ಹೆಂಡತಿ ಬೇಗ ಹೋದಳು. ಮಗಳಿಗೆ ಆಗ ನಾಲ್ಕು ವರ್ಷ. ಬಿಟ್ಟುಬರಲು ಯಾರೂ ಇಲ್ಲದೆ ಜೊತೆಗೇ ಕರೆತರುತ್ತಿದ್ದ. ಒಣಗಿಸುವ ಯಂತ್ರದಿಂದ ಆಗತಾನೆ ಬಿದ್ದ ಬಿಸಿ ಬಟ್ಟೆಯ ರಾಶಿಯಲ್ಲಿ ಅವಳು ಬೆಕ್ಕಿನ ಮರಿಯ ಹಾಗೆ ಮಲಗಿರುತ್ತಿದ್ದಳು. ನಾವು ಮಡಿಸುತ್ತಾ ಮಡಿಸುತ್ತಾ ರಾಶಿ ಕರಗಿ, ಕೊನೆಗೆ ಅವಳೊಬ್ಬಳು ಉಳಿಯುತ್ತಿದ್ದಳು. ನನ್ನನ್ನು ದೊಡ್ಡಮ್ಮ ಎಂದು ಕರೆಯಲು ಕಲಿತದ್ದು ಅಲ್ಲೇ. ಓದಿದಳು, ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ನೆಲಕ್ಕೆ ಟೈಲ್ಸ್ ಕೂರಿಸುವ ಒಬ್ಬ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅಳಿಯ ಮಾತು ಕಡಿಮೆಯವನು, ಕೆಲಸ ಅಚ್ಚುಕಟ್ಟು. ಬಣ್ಣದ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಮನೆ. ಹೆಣ್ಣು ಮಗು ಹುಟ್ಟಿದಾಗ ಅವನು ಕೆಲಸದ ಜಾಗಗಳಿಂದ ಒಡೆದ ಟೈಲ್ಸ್ ಚೂರು ತಂದು, ತೊಟ್ಟಿಲ ಎದುರಿನ ಗೋಡೆಗೆ ಒಂದು ದೊಡ್ಡ ಮೀನು ಕೂರಿಸಿದ. ನೀಲಿ, ಹಸಿರು, ಒಂದು ಕಣ್ಣು ಕೆಂಪು. ಕಿಟಕಿಯಿಂದ ಬಿಸಿಲು ಬಿದ್ದರೆ ಆ ಮೀನು ಹೊಳೆಯುತ್ತಿತ್ತು, ಮಗು ಅದನ್ನು ನೋಡಿ ಗಂಟಲಲ್ಲೇ ಒಂಥರಾ ನಗುತ್ತಿತ್ತು.

ಮಗುವನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು, ಹುಟ್ಟಿದಾಗಲೇ ಅಷ್ಟು ಸಣ್ಣದು. ಮೊದಲ ವರ್ಷ ಹೇಗೋ ಬೆಳೆಯಿತು. ಆಮೇಲೆ ನಿಂತುಬಿಟ್ಟಿತು. ಎರಡು ವರ್ಷ ತುಂಬಿದಾಗಲೂ ಎತ್ತಿಕೊಂಡರೆ ಒಂಬತ್ತು ತಿಂಗಳ ಕೂಸು. ವಸಡು ದಪ್ಪಗಾಗಿ ಹಲ್ಲನ್ನು ನುಂಗಿತ್ತು. ಬೆರಳು ಪೂರ್ತಿ ಬಿಚ್ಚುತ್ತಿರಲಿಲ್ಲ, ತೋಳು ತಲೆಯ ಮೇಲೆ ಹೋಗುತ್ತಿರಲಿಲ್ಲ, ಅಂಗಿ ತೊಡಿಸುವುದೇ ಒಂದು ಕಷ್ಟ. ಅವಳಮ್ಮ ಅಂಗಿಗಳನ್ನೆಲ್ಲ ಬೆನ್ನಿನ ಕಡೆ ಕತ್ತರಿಸಿ ದಾರ ಕಟ್ಟುವ ಹಾಗೆ ಹೊಲಿದಿದ್ದಳು. ತಿಂಗಳಿಗೊಮ್ಮೆ ಎದೆ ಕಟ್ಟುತ್ತಿತ್ತು. ನೆರೆಹೊರೆಯವರು ಬಾಯಿಗೆ ಬಂದದ್ದು ಹೇಳಿದರು, ಹಾಲು ಸಾಲದು, ಎಣ್ಣೆ ತಿಕ್ಕಿಲ್ಲ, ತಾಯಿ ಕೆಲಸಕ್ಕೆ ಹೋಗಬಾರದಿತ್ತು ಅಂತ. ಕೊನೆಗೆ ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನ ಡಾಕ್ಟರಮ್ಮ ರಕ್ತ ತೆಗೆಸಿ, ತೋಳಿನಿಂದ ಅಕ್ಕಿಕಾಳಿನಷ್ಟು ಚರ್ಮವನ್ನೂ ತೆಗೆಸಿ, ಎಲ್ಲಿಗೋ ಕಳಿಸಿದರು. ಆರು ವಾರ ಕಾಯಿರಿ ಎಂದರು.

ಫಲಿತಾಂಶದ ದಿನ ದೊಡ್ಡಮ್ಮನೂ ಬರಲಿ ಎಂದು ಮಗಳು ಹಟ ಹಿಡಿದಳು. ಹೀಗೆ ಆ ಪುಟ್ಟ ಕೋಣೆಯಲ್ಲಿ ನಾವು ಐವರು, ಮಗುವೂ ಸೇರಿ. ಡಾಕ್ಟರಮ್ಮ ಸಣಕಲು ಮೈಯ, ಮೆಲುದನಿಯ ಹೆಂಗಸು. ಮೊದಲು ಏನೇನೋ ಹೆಸರು ಹೇಳಿದರು. ನಮ್ಮ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಶಾಯಿ ಮಾವನ ಕಪ್ಪು ಬೆರಳು ನೋಡಿ, ನೀವು ಕೆಳಗಿನ ಲಾಂಡ್ರಿಯವರಲ್ಲವಾ, ಹಾಗಿದ್ದರೆ ಹೀಗೆ ಹೇಳುತ್ತೇನೆ ಎಂದು ಶುರು ಮಾಡಿದರು.

ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮ ಮೈಯೆಲ್ಲ ಜೀವಕೋಶಗಳಿಂದ ಆದದ್ದಂತೆ. ಒಂದೊಂದು ಕೋಶದಲ್ಲೂ ಹಳೆಯದನ್ನು, ಕೆಟ್ಟದ್ದನ್ನು ಅರೆದು ಕರಗಿಸುವ ಪುಟ್ಟ ಪುಟ್ಟ ಚೀಲಗಳಿರುತ್ತವೆ. ಅದಕ್ಕೆ ಲೈಸೋಸೋಮ್ ಎಂದು ಹೆಸರು, ನನ್ನ ನಾಲಿಗೆಗೆ ಆ ಹೆಸರು ಒಗ್ಗಲು ಬಹಳ ದಿನ ಹಿಡಿಯಿತು. ಅದು ಕೋಶದ ಕೊಳೆ ತೊಳೆಯುವ ಕೋಣೆ ಅಂದುಕೊಳ್ಳಿ ಎಂದರು. ತೊಳೆಯುವ ಕೆಲಸಗಾರರಿಗೆ ಎನ್‌ಜೈಮ್ ಎಂದು ಹೆಸರು. ಐವತ್ತಕ್ಕೂ ಹೆಚ್ಚು ಬಗೆ, ಒಬ್ಬೊಬ್ಬರು ಒಂದೊಂದು ಬಗೆಯ ಕೊಳೆಗೆ. ಆದರೆ ಅವರು ಹುಟ್ಟುವುದು ಆ ಕೋಣೆಯಲ್ಲಲ್ಲ, ಕೋಶದ ಇನ್ನೊಂದು ಮೂಲೆಯಲ್ಲಿ. ಅಲ್ಲಿಂದ ಹೊರಟು ದಾರಿಯಲ್ಲಿ ಒಂದು ವಿಂಗಡಿಸುವ ಜಾಗಕ್ಕೆ ಬರುತ್ತಾರೆ. ಅಲ್ಲಿ ಅವರಿಗೆ ಒಂದು ಗುರುತು ಬೀಳಬೇಕು. ಅವರ ಮೈಗೆ ಅಂಟಿದ ಸಕ್ಕರೆಯ ಎಳೆಯ ತುದಿಗೆ ರಂಜಕದ ಒಂದು ಚುಕ್ಕೆ, ಅಷ್ಟೇ ಗುರುತು. ಮುಂದೆ ಗಾಡಿಯವನು ನಿಂತಿರುತ್ತಾನೆ, ಗುರುತು ನೋಡಿ ಕೈ ಹಿಡಿದು ಕೊಳೆ ಕೋಣೆಯ ಗಾಡಿಗೆ ಹತ್ತಿಸುತ್ತಾನೆ.

"ನಿಮ್ಮ ಗುಬ್ಬಿಯಲ್ಲಿ ಆ ಗುರುತು ಹಾಕೋರೇ ಇಲ್ಲ" ಎಂದರು ಡಾಕ್ಟರಮ್ಮ. "ಕೆಲಸಗಾರರು ಸರಿಯಾಗೇ ಹುಟ್ತಾರೆ. ಗುರುತಿಲ್ಲದೆ ಬರ್ತಾರೆ. ಗಾಡಿಯವನು ಹತ್ತಿಸಲ್ಲ. ಎಲ್ಲರೂ ಬಾಗಿಲಿಂದಾಚೆ ಬೀದಿಗೆ ಹೋಗಿಬಿಡ್ತಾರೆ. ಬೀದಿ ಅಂದ್ರೆ ರಕ್ತ."

ಚರ್ಮದ ಕೋಶದ ಚಿತ್ರ ತೋರಿಸಿದರು. ಒಂದು ಕೋಶದೊಳಗೆ ಕಪ್ಪು ಕಪ್ಪು ಉಂಡೆಗಳು, ಒಂದರ ಮೇಲೊಂದು, ಕಾಲಿಡಲು ಜಾಗವಿಲ್ಲದ ಹಾಗೆ. ತೊಳೆಯುವವರು ಬಾರದೆ ಕಟ್ಟಿಕೊಂಡ ಕೊಳೆ ಅದು. ಮೂಳೆಯಲ್ಲೂ ಹೀಗೇ, ಎದೆಯಲ್ಲೂ ಹೀಗೇ, ವಸಡಿನಲ್ಲೂ ಹೀಗೇ ಎಂದರು. ಶಾಯಿ ಮಾವ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ರಜೆ ಮುಗಿದ ಸೋಮವಾರದ ನಮ್ಮ ಕೊಳೆ ಕೋಣೆ" ಎಂದ. ಆಮೇಲೆ ರಕ್ತದಲ್ಲಿ ಆ ಕೆಲಸಗಾರರು ಎಷ್ಟಿದ್ದಾರೆ ಎಂದು ಕೇಳಿದ. ಡಾಕ್ಟರಮ್ಮ ಕಾಗದ ತಿರುಗಿಸಿ ತೋರಿಸಿದರು. ಇರಬೇಕಾದದ್ದಕ್ಕಿಂತ ಹತ್ತು ಪಟ್ಟು, ಕೆಲವು ಇಪ್ಪತ್ತು ಪಟ್ಟು ಹೆಚ್ಚು.

ಅಲ್ಲಿಯೇ ಅವನು ತಪ್ಪಿದ್ದು. ಅವನ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಂಡೆ. ಮೂವತ್ತೆರಡು ವರ್ಷ ಶನಿವಾರಗಳಂದು ಅದೇ ಬೆಳಕು ನೋಡಿದ್ದೆನಲ್ಲ. ಡಾಕ್ಟರಮ್ಮ ಮುಂದೆ ಹೇಳಿದ್ದೆಲ್ಲ ಅವನ ಕಿವಿಯ ಮೇಲಿಂದ ಹಾದುಹೋಯಿತು. ಇದಕ್ಕೆ ಔಷಧಿ ಇಲ್ಲ ಎಂದರು. ಇಂಥ ಮಕ್ಕಳು ಬಹಳ ವರ್ಷ ಇರುವುದಿಲ್ಲ ಎಂದರು. ಎಲ್ಲೋ ಕೆಲವು ಕಡೆ ಮೂಳೆಯೊಳಗಿನ ಮಜ್ಜೆ ಬದಲಾಯಿಸಿ ನೋಡಿದ್ದಾರೆ, ಹೆಚ್ಚಿನ ಮಕ್ಕಳಿಗೆ ಅದರಿಂದ ಉಪಯೋಗವಾಗಿಲ್ಲ ಎಂದರು. ಮನೆಗೆ ಕರೆದುಕೊಂಡು ಹೋಗಿ, ನೋವಿಲ್ಲದ ಹಾಗೆ ನೋಡಿಕೊಳ್ಳುವುದನ್ನು ಹೇಳಿಕೊಡುತ್ತೇವೆ, ಇರುವಷ್ಟು ದಿನ ನಿಮ್ಮ ಜೊತೆ ಇರಲಿ ಎಂದರು. ಮಗಳು ತಲೆಯಾಡಿಸಿದಳು. ಅಳಿಯ ಮಗುವಿನ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತಿದ್ದ.

ಹೊರಗೆ ಬಂದದ್ದೇ ತಡ, ಶಾಯಿ ಮಾವ ಮಗಳ ಭುಜ ಹಿಡಿದ. "ಅಳಬೇಡ ಕಣಮ್ಮಾ. ಇಲ್ಲ ಅಂದಿದ್ರೆ ಅಳಬೋದಿತ್ತು. ಇದೆಯಲ್ಲ. ಬೇಕಾದ್ದಕ್ಕಿಂತ ಇಪ್ಪತ್ತು ಪಟ್ಟು ಇದೆ. ಬರೀ ಗುರುತು ಬಿದ್ದಿಲ್ಲ."

ಅವಳು ನನ್ನ ಕಡೆ ನೋಡಿದಳು. ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ಅಪ್ಪ ಹೇಳೋದು ಕೇಳಮ್ಮ, ಒಂದಿಷ್ಟು ದಿನ ನೋಡೋಣ ಎಂದೆ.

ಆ ಒಂದಿಷ್ಟು ದಿನ ಮೂರು ತಿಂಗಳಾಯಿತು. ಎದೆ ಕಟ್ಟಿಕೊಂಡಿದ್ದರಿಂದ ಗುಬ್ಬಿ ಹೇಗೂ ಮಕ್ಕಳ ವಾರ್ಡಿನಲ್ಲಿತ್ತು. ಅದು ಬಿಟ್ಟ ಮೇಲೂ ಮನೆಗೆ ಹೋಗಲು ಶಾಯಿ ಮಾವ ಬಿಡಲಿಲ್ಲ. ಮಜ್ಜೆಯ ಮಾತನ್ನು ಹಿಡಿದುಕೊಂಡ. ಡಾಕ್ಟರಮ್ಮ ಹೇಳಿದ್ದರಲ್ಲಿ ಮೊದಲರ್ಧ ಮಾತ್ರ ಅವನ ಕಿವಿಗೆ ಬಿದ್ದಿತ್ತು. ನನ್ನದನ್ನು ತೆಗೆದುಕೊಳ್ಳಿ, ನನ್ನಲ್ಲಿ ಗುರುತು ಹಾಕುವವನು ಇದ್ದಾನೆ, ಅವನೂ ಹಾಕುತ್ತಾನೆ ನಾನೂ ಹಾಕುತ್ತೇನೆ ಎಂದು ನಗುತ್ತಾ ಹೇಳಿದ. ಅವರಿವರ ಕೈಕಾಲು ಹಿಡಿದು ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳಿಸಿದ. ಅವರು ಪರೀಕ್ಷೆ ಮಾಡಿಯೇ ಹೇಳಬೇಕೆಂದರು. ಅಲ್ಲಿಂದ ಶುರುವಾಯಿತು ಚುಚ್ಚುವುದು. ಮಗುವಿನ ಚರ್ಮ ದಪ್ಪ, ರಕ್ತನಾಳ ಸಿಗುತ್ತಿರಲಿಲ್ಲ. ಕೈಯಲ್ಲಿ ನೋಡಿ, ಪಾದದಲ್ಲಿ ನೋಡಿ, ಕೊನೆಗೆ ನೆತ್ತಿಯಲ್ಲಿ. ಅಳಲು ಬಾಯಿ ತೆರೆದರೆ ವಸಡು ಅಡ್ಡ ಬಂದು ದನಿ ಅರ್ಧಕ್ಕೇ ನಿಲ್ಲುತ್ತಿತ್ತು. ಮಗಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

ರಕ್ತದ ಆ ಕಾಗದವನ್ನು ಶಾಯಿ ಮಾವ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಮಡಿಕೆಯಲ್ಲಿ ಹರಿದುಹೋದಾಗ ನನ್ನ ಹತ್ತಿರ ಅಂಟಿನ ಪಟ್ಟಿ ಕೇಳಿ ಅಂಟಿಸಿದ. ಬಾಯ್ಲರ್ ತಾತನಿಗೂ ತೋರಿಸುತ್ತಿದ್ದ. ಇವನಿಗೆ ಏಟು ಕೊಡಲು ಸದಾ ಕಾಯುತ್ತಿದ್ದ ತಾತ ಆ ಕಾಗದವನ್ನು ಉಲ್ಟಾ ಹಿಡಿದು, ಹೂಂ, ಜಾಸ್ತಿನೇ ಇದೆಯಪ್ಪ ಎಂದು ವಾಪಸ್ಸು ಕೊಡುತ್ತಿದ್ದ.

ಗುಬ್ಬಿಯ ಪಕ್ಕದ ಮಂಚಕ್ಕೆ ಹದಿನೈದು ದಿನಕ್ಕೊಮ್ಮೆ ಒಬ್ಬಳು ಹುಡುಗಿ ಬಂದು ಅರ್ಧ ದಿನ ಡ್ರಿಪ್ ಹಾಕಿಸಿಕೊಂಡು ಹೋಗುತ್ತಿದ್ದಳು. ಅವಳದೂ ಅದೇ ಕೊಳೆ ಕೋಣೆಯ ಕಾಯಿಲೆ ಎಂದು ನರ್ಸ್ ಬಾಯಿಂದ ಇವನಿಗೆ ತಿಳಿಯಿತು. ಆ ಬಾಟಲಿಯಲ್ಲಿ ಇರುವುದು ಎನ್‌ಜೈಮ್, ಹೊರಗೆ ತಯಾರಿಸಿ ಗುರುತು ಸಮೇತ ತಂದದ್ದು ಎಂದೂ ತಿಳಿಯಿತು. ಅವನು ಮೇಜು ಬಿಟ್ಟು ಮೇಲಕ್ಕೆ ಓಡಿದ. ಅವನ ಹಿಂದೆ ನಾನು, ಮೊಣಕಾಲು ಹಿಡಿದುಕೊಂಡು.

ಡಾಕ್ಟರಮ್ಮ ಮಂಚದ ಪಕ್ಕದಲ್ಲೇ ನಿಂತು ತಾಳ್ಮೆಯಿಂದ ಹೇಳಿದರು. ಆ ಹುಡುಗಿಯಲ್ಲಿ ಐವತ್ತು ಬಗೆಯ ಕೆಲಸಗಾರರಲ್ಲಿ ಒಂದು ಬಗೆ ಮಾತ್ರ ಇಲ್ಲ. ಉಳಿದವರೆಲ್ಲ ಇದ್ದಾರೆ, ಗುರುತು ಹಾಕುವವನೂ ಇದ್ದಾನೆ. ಇಲ್ಲದ ಆ ಒಂದನ್ನು ಹೊರಗಿನಿಂದ ಕೊಟ್ಟರೆ ಕೋಶದ ಬಾಗಿಲು ಗುರುತು ನೋಡಿ ಒಳಗೆ ಕರೆದುಕೊಳ್ಳುತ್ತದೆ. ಗುಬ್ಬಿಯಲ್ಲಿ ಒಂದಲ್ಲ, ಹೆಚ್ಚುಕಡಿಮೆ ಎಲ್ಲದಕ್ಕೂ ಗುರುತಿಲ್ಲ.

"ಐವತ್ತಾದ್ರೇನು ಡಾಕ್ಟರಮ್ಮಾ" ಎಂದ ಶಾಯಿ ಮಾವ. "ನಾನು ದಿನಕ್ಕೆ ನಾಲ್ಕು ನೂರು ಹಾಕ್ತೀನಿ."

ನರ್ಸ್ ಮುಖ ಆ ಕಡೆ ತಿರುಗಿಸಿದಳು. ಡಾಕ್ಟರಮ್ಮ ನಗಲಿಲ್ಲ. ರಕ್ತದಲ್ಲಿ ಅಲೆಯುವವರನ್ನು ಹಿಡಿದು ಗುರುತು ಹಾಕಲು ಬರುವುದಿಲ್ಲ ಎಂದರು. ಆ ಗುರುತು ಬೀಳುವುದು ಕೋಶದ ಒಳಗೆ, ಅವರು ಹುಟ್ಟಿ ಹೊರಡುವ ದಾರಿಯಲ್ಲಿ, ಆ ಒಂದೇ ಜಾಗದಲ್ಲಿ. ಅಲ್ಲಿ ತಪ್ಪಿದರೆ ತಪ್ಪಿತು. ಬೀದಿಗೆ ಬಿದ್ದ ಮೇಲೆ ಅವರು ಎಷ್ಟಿದ್ದರೂ ಕೆಲಸಕ್ಕಿಲ್ಲ, ಕೊಳೆ ಕೋಣೆಯೊಳಗೆ ಒಂದು ಬಗೆಯ ಹುಳಿ ಇರುತ್ತದೆ, ಅದರಲ್ಲೇ ಅವರ ಕೈ ಆಡುವುದು, ರಕ್ತದಲ್ಲಿ ಸುಮ್ಮನೆ ಅಲೆದು ಮುಗಿಯುತ್ತಾರೆ. ಗುರುತು ಹಾಕುವವನನ್ನು ಒಂದೊಂದು ಕೋಶದ ಒಳಗೂ ಕಳಿಸುವ ದಾರಿ ಯಾರಿಗೂ ಗೊತ್ತಿಲ್ಲ.

ಇಷ್ಟು ಹೇಳಿ ಆ ಹುಡುಗಿಯ ಹೊದಿಕೆ ಸರಿಮಾಡಿದರು. ಆಮೇಲೆ ಇನ್ನೂ ಮೆಲ್ಲಗೆ, "ನಾನು ನಿಮಗೆ ಲಾಂಡ್ರಿ ಹೋಲಿಕೆ ಕೊಡಬಾರದಿತ್ತು" ಎಂದರು.

"ಯಾಕಮ್ಮಾ? ನನಗೆ ಎಲ್ಲ ಅರ್ಥ ಆಯ್ತಲ್ಲ" ಎಂದ ಅವನು.

ಪರೀಕ್ಷೆಗಳ ಉತ್ತರ ಒಂದರ ಹಿಂದೊಂದು ಬಂತು. ಮಗುವಿನ ಹೃದಯ, ಎದೆ ಎರಡೂ ಮಜ್ಜೆಯ ಚಿಕಿತ್ಸೆ ತಡೆಯುವುದಿಲ್ಲ, ಆ ಇನ್ನೊಬ್ಬ ಡಾಕ್ಟರೂ ಕೈಚೆಲ್ಲಿದರು. ಜೊತೆಗೆ ಇನ್ನೊಂದು. ಈ ದೋಷ ಮಗುವಿಗೆ ತಂದೆ ಕಡೆಯಿಂದ ಒಂದು ಪಾಲು, ತಾಯಿ ಕಡೆಯಿಂದ ಒಂದು ಪಾಲು ಬಂದು ಸೇರಿದ್ದು. ಒಂದೇ ಪಾಲು ಇದ್ದವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಮಜ್ಜೆಗೆಂದು ತೆಗೆದಿದ್ದ ಅವನ ರಕ್ತದಲ್ಲಿ ಕಂಡಂತೆ, ತಾಯಿಯ ಪಾಲು ಬಂದದ್ದು ಶಾಯಿ ಮಾವನಿಂದ. ಇದು ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಅವನು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಕೆಳಗೆ ಬಂದು ಆ ದಿನದ ಬಟ್ಟೆಗಳಿಗೆಲ್ಲ ಗುರುತು ಹಾಕಿದ. ಬಾಯ್ಲರ್ ತಾತ ಚಹಾ ತಂದಿಟ್ಟ, ಅದರ ಮೇಲೆ ಕೆನೆ ಕಟ್ಟಿತು.

ಮಗಳು ಆ ಸಂಜೆಯೇ ತೀರ್ಮಾನ ಮಾಡಿದಳು. ಸೋಮವಾರ ಗುಬ್ಬಿಯನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ, ಯಾರೂ ಎದುರು ಮಾತಾಡಬೇಡಿ ಎಂದಳು. ಅಳಿಯ ಮನೆಗೆ ಹೋಗಿ ತೊಟ್ಟಿಲನ್ನು ಮೀನಿನ ಎದುರಿಗೆ ಎಳೆದಿಟ್ಟು ಬಂದ. ಬರುವಾಗ ಮನೆಯ ಹಳದಿ ಹೊದಿಕೆಯನ್ನೂ ತಂದ. ಮಗಳು ಬಸುರಿಯಾಗಿದ್ದಾಗ ಹೊಲಿಗೆ ಅಂಗಡಿಯ ಉಳಿಕೆ ಬಟ್ಟೆಗಳಿಂದ ಹೊಲಿದ ಹೊದಿಕೆ ಅದು, ಒಂದು ಅಂಚು ಬಟ್ಟೆ ಸಾಲದೆ ನೀಲಿ. ಆಸ್ಪತ್ರೆ ಬಟ್ಟೆಗಳ ಸಾಬೂನು ವಾಸನೆ ನನ್ನ ಮಗೂಗೆ ಸಾಕಾಗಿದೆ, ಮನೆ ವಾಸನೆ ಈಗಲೇ ಗುರುತು ಹಿಡೀಲಿ ಎಂದಳು.

ಶನಿವಾರ ಬೆಳಿಗ್ಗೆ ಮಗುವಿಗೆ ಜ್ವರ ಬಂತು. ಹತ್ತು ಗಂಟೆಗೆ ಉಸಿರು ಎಳೆಯತೊಡಗಿತು. ಮಧ್ಯಾಹ್ನ ಎರಡೂವರೆಗೆ, ಮೇಲೆ ನಿಂತು ನೋಡಲಾರದೆ ಇಳಿದು ಬಂದಿದ್ದ ಶಾಯಿ ಮಾವ ಕಪಾಟಿನ ಮುಂದೆ ಸ್ಟೂಲು ಎಳೆದುಕೊಂಡು, ಒಂದು ದಿಂಬಿನ ಚೀಲವನ್ನು ತೊಡೆಯ ಮೇಲೆ ಹರಡಿದ್ದ. ಗೋಡೆಯ ಫೋನ್ ಹೊಡೆದುಕೊಂಡಿತು. ನಾನು ತೆಗೆದೆ. ವಾರ್ಡಿನ ನರ್ಸ್. ಮಾವನನ್ನು ಮೇಲೆ ಕಳಿಸಿ ಅಂದಳು, ಬೇಗ ಅನ್ನಲಿಲ್ಲ. ಬೇಗ ಅನ್ನದಿದ್ದುದರಿಂದಲೇ ನನಗೆ ತಿಳಿಯಿತು.

ನಮ್ಮ ಲಾಂಡ್ರಿಯಲ್ಲಿ ಒಂದು ಪದ್ಧತಿ ಇತ್ತು. ತೀರಿಕೊಂಡವರನ್ನು ಸುತ್ತಿ ಕಳಿಸುವ ಬಟ್ಟೆ ವಾಪಸ್ಸು ಬರುವುದಿಲ್ಲ. ಅದನ್ನು ಮುಂದೆ ಯಾರೂ ಕೇಳಬಾರದೆಂದು, ಕಳಿಸುವ ಮೊದಲು ಗುರುತಿನ ಮೇಲೆ ಒಂದು ಅಡ್ಡಗೆರೆ ಎಳೆಯಬೇಕು. ಎಳೆಯುವವನು ಶಾಯಿ ಮಾವನೇ. ಅವತ್ತು ನಾನು ಎಳೀತೀನಿ ಕೊಡು ಎಂದೆ. ಕೊಡಲಿಲ್ಲ. ಜೇಬಿನಿಂದ ಬಾಟಲಿ ತೆಗೆದು, ಮಂಚದ ಕಾಲಿನ ಬಳಿ ಕುಕ್ಕರಗಾಲಲ್ಲಿ ಕೂತು, ಕೊಡೆಯ ಮೇಲೆ ನೇರವಾಗಿ ಒಂದು ಗೆರೆ ಎಳೆದ. ಶಾಯಿ ಆರುವ ತನಕ ಬಾಯಿಂದ ಊದಿದ.

ಮಣ್ಣು ಮಾಡಿ ಬಂದ ಮೇಲೆ ಅವರ ಎರಡು ಕೋಣೆಯ ಮನೆಯಲ್ಲಿ ಕೂತಿದ್ದೆವು. ಬಿಸಿಲು ಕಿಟಕಿಯಿಂದ ಬಂದು ಮೀನಿನ ಮೇಲೆ ಬಿದ್ದಿತ್ತು. ಶಾಯಿ ಮಾವ ಏನೋ ಹೇಳಲು ಬಾಯಿ ತೆರೆದ. ಮಗಳು ಅವನಿಗಿಂತ ಮೊದಲು ಮಾತಾಡಿದಳು. ಕೂಗಲಿಲ್ಲ, ಬಯ್ಯಲಿಲ್ಲ.

"ಅಪ್ಪಾ, ಮೂರು ತಿಂಗಳು ಅವಳು ಈ ಗೋಡೆ ನೋಡ್ಕೊಂಡು ಇರಬೋದಿತ್ತು."

ಅಷ್ಟೇ. ನನ್ನ ಕಡೆ ಅವಳು ನೋಡಲಿಲ್ಲ. ನೋಡಿದ್ದರೆ ಆ ಮಾತು ನನಗೂ ಸಲ್ಲುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ನಾನೂ ಶಾಯಿ ಮಾವನೂ ಬಸ್ ನಿಲ್ದಾಣದ ತನಕ ನಡೆದೆವು. ಅಂಟಿನ ಪಟ್ಟಿ ಹಚ್ಚಿದ ಆ ಕಾಗದವನ್ನು ಅವನು ಜೇಬಿನಿಂದ ತೆಗೆದು, ಎಸೆಯಲು ಜಾಗ ಹುಡುಕಿ, ಸಿಗದೆ ಮತ್ತೆ ಜೇಬಿಗಿಟ್ಟುಕೊಂಡ.

ಮಂಗಳವಾರ ಮಕ್ಕಳ ವಾರ್ಡಿನ ಗಂಟು ಇಳಿಯಿತು. ಬುಧವಾರ ಒಗೆದು ಒಣಗಿಸಿ ನನ್ನ ಮೇಜಿಗೆ ಬಂತು. ಕೊಡೆ, ಕೊಡೆ, ಕೊಡೆ ಎಂದು ಮಡಿಸುತ್ತಾ ಹೋದವಳ ಕೈಗೆ ಹಳದಿ ಹೊದಿಕೆ ಸಿಕ್ಕಿತು, ಒಂದು ಅಂಚು ನೀಲಿ. ಆ ಗಡಿಬಿಡಿಯಲ್ಲಿ ಯಾರೋ ಅದನ್ನು ವಾರ್ಡಿನ ಬಟ್ಟೆಗಳ ಜೊತೆ ಸುತ್ತಿ ಹಾಕಿದ್ದರು. ಮನೆಯ ವಾಸನೆ ಏನೂ ಉಳಿದಿರಲಿಲ್ಲ, ನಮ್ಮ ಸಾಬೂನಿನದೇ. ಗುರುತಿಲ್ಲದ ಬಟ್ಟೆ ಅವನ ಮೇಜಿಗೆ ಹೋಗಬೇಕು. ನಾನು ಒಯ್ದು ಇಟ್ಟೆ.

ಅವನು ಅದನ್ನು ಹರಡಲಿಲ್ಲ. ಅಂಚು ಒಮ್ಮೆ ಬೆರಳಲ್ಲಿ ತಡವಿದ. ಎದ್ದು ಕಪಾಟು ತೆರೆದು ಒಳಗಿಟ್ಟ.

ನಾನು ಹತ್ತಿರ ಹೋಗಿ, ಕೊಡಪ್ಪ, ಸಂಜೆ ನಾನು ಅವಳಿಗೆ ಕೊಟ್ಟು ಬರುತ್ತೇನೆ ಎಂದೆ.

"ಯಾರದು ಅಂತ ಕೊಡ್ತೀಯಾ ಅಕ್ಕಾ?" ಎಂದ. "ಗುರುತೇ ಇಲ್ವಲ್ಲ."

ನಾನು ಕೈ ಚಾಚಿ ತೆಗೆದುಕೊಳ್ಳಬಹುದಿತ್ತು. ಕಪಾಟಿಗೆ ಬೀಗ ಇರಲಿಲ್ಲ. ಅವಳ ಬಾಗಿಲಿಗೆ ಅದನ್ನು ಹಿಡಿದುಕೊಂಡು ಹೋಗುವುದು ನನ್ನಿಂದಲೂ ಆಗಲಿಲ್ಲ. ಅವಳೂ ಯಾವತ್ತೂ ಅದನ್ನು ಕೇಳಲಿಲ್ಲ.

ಆ ಶನಿವಾರ ಎಲ್ಲರ ಜೊತೆ ಅವನೂ ಮನೆಗೆ ಹೊರಟ. ಸ್ಟೂಲು ಗೋಡೆಗೆ ಒರಗಿಸಿದ್ದು ಅಲ್ಲೇ ಉಳಿಯಿತು. ಅದರ ಮುಂದಿನ ಶನಿವಾರವೂ ಹಾಗೇ. ಕೆಲಸದಲ್ಲಿ ಒಂದು ಚುಕ್ಕೆ ತಪ್ಪಿರಲಿಲ್ಲ, ದಿನಕ್ಕೆ ನಾಲ್ಕು ನೂರು ಗುರುತು, ಏಣಿ ಏಣಿಯ ಹಾಗೆ, ಕೊಡೆ ಕೊಡೆಯ ಹಾಗೆ. ಗುರುತಿಲ್ಲದ್ದು ಬಂದರೆ ಮಾತ್ರ ನೋಡದೆ, ಮೂಸದೆ ಹಿಂದಕ್ಕೆ ಕೈ ಚಾಚಿ ಕಪಾಟಿನೊಳಗೆ ತುರುಕುತ್ತಿದ್ದ. ಬಾಯ್ಲರ್ ತಾತ ಒಂದು ದಿನ, ಏನೋ ಇದು, ನಿನ್ ಕಪಾಟು ಬಸುರಿ ಆದ ಹಾಗಿದೆಯಲ್ಲ ಎಂದು ಹಳೇ ಧಾಟಿಯಲ್ಲಿ ಕೆಣಕಿದ. ಇವನು ಮುಂದಿನ ಟವಲು ಎಳೆದುಕೊಂಡ. ತಾತ ಮತ್ತೆ ಕೆಣಕಲಿಲ್ಲ.

ನಾನು ಕೆಲಸ ಬಿಡುವ ಹೊತ್ತಿಗೆ ಆ ಕಪಾಟಿನ ಬಾಗಿಲು ಮುಚ್ಚುತ್ತಿರಲಿಲ್ಲ. ಟವಲು, ಅಂಗಿ, ದಿಂಬಿನ ಚೀಲ ಒಂದರ ಮೇಲೊಂದು ಒತ್ತಿಕೊಂಡು ಹೊರಗೆ ಉಬ್ಬಿದ್ದವು. ಶಾಯಿ ಮಾವ ಎರಡೂ ಹಿಡಿಗಳನ್ನು ಸೇರಿಸಿ ಬ್ಯಾಂಡೇಜಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದ. ಸಂದಿನಲ್ಲಿ ಕೆಳಗಡೆ ಒಂದು ನೀಲಿ ಅಂಚು ಕಾಣುತ್ತಿತ್ತು. ಅವನು ಅದಕ್ಕೆ ಬೆನ್ನು ಮಾಡಿ ಕೂತು, ಹೊಸ ಬಟ್ಟೆಗಳ ಮೂಲೆಯಲ್ಲಿ ಕೊಡೆ ಬರೆಯುತ್ತಿದ್ದ.